ದವಡೆಯಂಚಿನ ಎರಡು ಗೆರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿರಸಿಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೆ. ಮಂಚಿಕೇರಿಯ ನನ್ನ ಸೋದರತ್ತೆಗೆ ಒಂದು ಬೆಳಿಗ್ಗೆ ಬಲಗೈ ಸ್ವಾಧೀನ ತಪ್ಪಿ, ಸಂಜೆಯೊಳಗೆ ಸರಿಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕುತ್ತಿಗೆಯ ರಕ್ತನಾಳದ ಚಿತ್ರ ತೆಗೆದರು. ಮಿದುಳಿಗೆ ಹೋಗುವ ನಾಳ ಕಿರಿದಾಗಿದೆ, ಕುತ್ತಿಗೆ ಕೊಯ್ದು ಸರಿಮಾಡಬೇಕು, ಸೋಮವಾರ ಬನ್ನಿ ಎಂದು ಬರೆದುಕೊಟ್ಟರು. ಶುಕ್ರವಾರ ಅತ್ತೆ ಫಿಲ್ಮುಗಳನ್ನು ನನ್ನಲ್ಲಿಗೆ ತಂದಳು.

ಈ ತಪಾಸಣೆಯಲ್ಲಿ ಮೊದಲು ಬರಿಯ ಕುತ್ತಿಗೆಯ ಚಿತ್ರ, ಆಮೇಲೆ ತೊಡೆಸಂದಿಯಿಂದ ನಳಿಗೆ ತೂರಿಸಿ, ನಾಳ ಎದ್ದು ಕಾಣುವಂಥ ಔಷಧ ಬಿಟ್ಟು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಎಲುಬು ಅಳಿಸಿ ನಾಳವೊಂದೇ ಉಳಿಯುತ್ತದೆ. ಕಲಿಯುವಾಗ ಇದನ್ನು ನಾವು ಕತ್ತಲೆಕೋಣೆಯಲ್ಲಿ ಕೈಯಿಂದಲೇ ಮಾಡಿದ್ದೆವು. ಮೊದಲ ಫಿಲ್ಮಿನ ಕಪ್ಪುಬಿಳುಪು ಅದಲುಬದಲು ಮಾಡಿ, ಎರಡನೆಯದರ ಮೇಲಿಟ್ಟು, ಎಲುಬಿಗೆ ಎಲುಬು ಕೂಡುವವರೆಗೆ ಕೂದಲೆಳೆಯಷ್ಟು ಸರಿಸಬೇಕು. ಅರ್ಧ ದಿನ ಹೋಗುತ್ತಿತ್ತು. ಯಂತ್ರ ಕ್ಷಣದಲ್ಲಿ ಕಳೆಯುತ್ತದೆ. ಆದರೆ ಎರಡು ಚಿತ್ರಗಳ ನಡುವೆ ರೋಗಿ ಅಲುಗಿದರೆ ಯಂತ್ರವೂ ಸುಳ್ಳು ಹೇಳುತ್ತದೆ.

ಫಿಲ್ಮನ್ನು ದೀಪಕ್ಕೆ ಹಿಡಿದೆ. ಅಳಿಸಿಹೋಗಿರಬೇಕಾದ ದವಡೆಯ ಅಂಚಿನಲ್ಲಿ ಒಂದು ಬಿಳಿ ಗೆರೆ, ಅದಕ್ಕೆ ತಾಗಿ ಒಂದು ಕಪ್ಪು ಗೆರೆ. ಅವು ನಾಳವನ್ನು ದಾಟುವಲ್ಲೇ ನಾಳ ಕಿರಿದಾಗಿ ಕಾಣುತ್ತಿತ್ತು.

"ಅತ್ತೆ, ಅಲ್ಲಿ ಮಲಗಿದಾಗ ಬಾಯಲ್ಲಿ ಎಂತ ಇತ್ತು?"

"ಚೂರು ಕವಳ."

"ಎಂತೂ ತಿನ್ನಡ ಹೇಳಿದ್ವಿಲ್ಯಾ?"

"ಕವಳ ಎಂತ ಊಟನಾ ತಮಾ? ಆನು ನೀರೂ ಕುಡದ್ನಿಲ್ಲೆ. ಔಷಧ ಬಿಟ್ಟಾಗ ಮೋರೆ ಎಲ್ಲ ಬೆಂಕಿ ಬಿದ್ದಾಂಗೆ ಆತು. ಉಗಿಯಲೆ ಜಾಗ ಇಲ್ಲೆ, ನುಂಗಿದಿ."

ನಮ್ಮ ಕಡೆ ಎಲೆ, ಅಡಿಕೆ, ಸುಣ್ಣ, ತಂಬಾಕಿನ ಕವಳವನ್ನು ಯಾರೂ ತಿನ್ನುವ ವಸ್ತುವೆಂದು ಎಣಿಸುವುದಿಲ್ಲ. ಅದು ತಿಳಿದಿದ್ದೂ, ಅವಳು ಹುಬ್ಬಳ್ಳಿಗೆ ಹೊರಡುವಾಗ ನಾನು ಎಚ್ಚರಿಸಿರಲಿಲ್ಲ. ಮೊದಲ ಸಿಟ್ಟು ನನ್ನ ಮೇಲೆಯೇ.

ಶನಿವಾರ ಹುಬ್ಬಳ್ಳಿಗೆ ಹೋಗಿ, ಕಳೆಯುವ ಮೊದಲಿನ ಚಿತ್ರಗಳನ್ನು ಕೇಳಿದೆ. ನಾಳದ ನಿಜವಾದ ಅಗಲ ಅವುಗಳಲ್ಲಿ ಕಾಣಬೇಕಿತ್ತು.

"ಅವನ್ನ ಅಳಿಸೇವ್ರಿ, ಜಾಗ ಬೇಕಲ್ರಿ," ಎಂದ ಯಂತ್ರ ನಡೆಸುವವನು.

"ಈ ಎರಡು ಗೆರೆ ಕಾಣಲಿಲ್ಲವೇ?"

"ಕಂಡಾವ್ರಿ. ಸರಿಸಿ ನೋಡಿದ್ವಿ. ದವಡಿ ಕೂಡಿಸಿದ್ರ ಕುತ್ತಿಗಿ ಎಲುಬು ತಪ್ಪತೈತಿ, ಅದನ್ನ ಕೂಡಿಸಿದ್ರ ದವಡಿ. ಹಂಗ ಬಿಟ್ವಿ."

ಅಂದರೆ ನುಂಗುವಾಗ ದವಡೆಯೊಂದೇ ಅಲುಗಿತ್ತು. ಗೆರೆ ಅವರಿಗೆ ಕಂಡಿತ್ತು. ಬಿಟ್ಟಿದ್ದರು. ರಿಪೋರ್ಟಿನಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ.

ಆ ರಿಪೋರ್ಟು ಬರೆದ ಡಾಕ್ಟರು ನನಗೆ ಕೂರಲೂ ಹೇಳಲಿಲ್ಲ. "ನೀವು ಕೈಕಾಲು ಮುರಿದವರ ಎಕ್ಸ್‌ರೇ ತೆಗೆಯೋರು. ಇದು ಕಂಪ್ಯೂಟರ್ ಕೊಟ್ಟ ಚಿತ್ರ."

"ಅವಳು ನಡುವೆ ಕವಳ ನುಂಗಿದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?" ನನ್ನ ದನಿ ಏರಿತ್ತು. "ಇನ್ನೊಮ್ಮೆ ತೆಗೆಯದೆ ಕೊಯ್ಯಲು ಬಿಡುವುದಿಲ್ಲ."

ಸೋಮವಾರ ಅತ್ತೆಯ ತೊಡೆಸಂದಿಗೆ ಮತ್ತೆ ಚುಚ್ಚಿ ನಳಿಗೆ ತೂರಿಸಿದರು. ಅಳಿಸಿದ್ದ ಆ ಚಿತ್ರಗಳಿದ್ದಿದ್ದರೆ ಈ ನೋವು ಬೇಕಿರಲಿಲ್ಲ. ಈ ಸಲ ಬಾಯಿ ತೊಳೆಸಿ, ತಲೆಗೆ ಪಟ್ಟಿ ಬಿಗಿದು, ನುಂಗಬೇಡಿ ಎಂದು ಹೇಳಿಯೇ ತೆಗೆದರು. ದವಡೆ ಪೂರ್ತಿ ಅಳಿಸಿತ್ತು. ನಾಳ ಉದ್ದಕ್ಕೂ ಒಂದೇ ಅಗಲವಾಗಿತ್ತು.

ಚುಚ್ಚಿದಲ್ಲಿ ರಕ್ತ ಸೋರದಂತೆ ಅತ್ತೆ ತೊಡೆಯ ಮೇಲೆ ಮರಳಿನ ಚೀಲ ಹೇರಿಕೊಂಡು ಅಲುಗದೆ ಮಲಗಿದ್ದಳು. ಡಾಕ್ಟರು ಹೊಸ ಫಿಲ್ಮನ್ನು ಕಿಟಕಿಗೆ ಹಿಡಿದರು. "ಎಷ್ಟು ಚೆನ್ನಾಗಿ ಬಂದಿದೆ ನೋಡಿ! ಆಪರೇಷನ್ ಬೇಡ, ಮಾತ್ರೆ ಸಾಕು."

ಚಿತ್ರವನ್ನು ಹೊಗಳಿದರು. ಅತ್ತೆಯ ಕಡೆ ತಿರುಗಲಿಲ್ಲ. ನಾನು ಹಳೆಯ ರಿಪೋರ್ಟನ್ನು ಅವರ ಮುಂದೆ ಹಿಡಿದೆ. ಕುತ್ತಿಗೆ ಕೊಯ್ಯಬೇಕೆಂದು ಬರೆದ ಸಾಲಿಗೆ ಅವರ ಕೈಯಿಂದಲೇ ಗೀಟು ಹೊಡೆಸಿ, ಪಕ್ಕದಲ್ಲಿ ಸಹಿ ಹಾಕಿಸುವವರೆಗೆ ಬಾಗಿಲಿಗೆ ಅಡ್ಡ ನಿಂತೇ ಇದ್ದೆ.