ಬ್ರಷ್ಷಿಗೆ ಸಿಕ್ಕ ಸಾಸಿವೆ

ಸೋಮವಾರ ಬೆಳಗಿನ ಆರೂವರೆ. ಲಂಡನ್ನಿನ ಕ್ರೋಯ್ಡನ್ ಬಡಾವಣೆಯಲ್ಲಿ ಟ್ರಾಮ್ ಇಳಿದು ಬಂದ ರುದ್ರೇಶ ಆಗಲೇ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ನಿಂತಿದ್ದಾರೆ. ನಿಂತಿದ್ದಾರೆ ಅಂದರೆ ತಪ್ಪಾದೀತು, ಈ ಮನುಷ್ಯ ನಿಲ್ಲುವುದೇ ಇಲ್ಲ! ಸಿಂಕಿನಿಂದ ಯಂತ್ರಕ್ಕೆ, ಯಂತ್ರದಿಂದ ಗಡಿಯಾರಕ್ಕೆ, ಮತ್ತೆ ಸಿಂಕಿಗೆ. ಮೊಣಕೈವರೆಗೆ ನೀಲಿ ಗ್ಲೌಸು, ಮುಖಕ್ಕೆ ಪ್ಲಾಸ್ಟಿಕ್ ಪರದೆ. ಸಿಂಕಿನ ನೀರಿನಲ್ಲಿ ಆಳುದ್ದದ ಕರಿಯ ಕೊಳವೆಯೊಂದು ಸುತ್ತಿಕೊಂಡು ಬಿದ್ದಿದೆ. ಅದು ಸ್ಕೋಪು. ತುದಿಗೆ ಕ್ಯಾಮೆರಾ ಇರುವ ಅದನ್ನು ಡಾಕ್ಟರು ರೋಗಿಯ ಕರುಳಿನೊಳಗೆ ಹೊಗಿಸಿ ಹುಣ್ಣು, ಗಂಟು ಏನಾದರೂ ಇದೆಯೇ ಎಂದು ನೋಡುತ್ತಾರೆ. ವಾರದ ಕೊನೆಯಲ್ಲಿ ಸುಮ್ಮನಿದ್ದ ಸ್ಕೋಪುಗಳನ್ನು ಮೊದಲ ರೋಗಿ ಬರುವಷ್ಟರಲ್ಲಿ ಇನ್ನೊಮ್ಮೆ ತೊಳೆದಿಡಬೇಕು.

ತೊಳೆಯುವುದು ಅಂದರೆ ಸೋಪು ಹಚ್ಚಿ ನೀರು ಹೊಯ್ಯುವ ಕೆಲಸವಲ್ಲ. ಸ್ಕೋಪಿನ ಉದ್ದಕ್ಕೂ ಒಳಗೆ ಸಣ್ಣ ದಾರಿಗಳಿವೆ, ಒಂದು ಮೆಣಸಿನ ಕಾಳು ಹೋದರೆ ಸಿಕ್ಕಿಕೊಳ್ಳುವಷ್ಟು ಸಣ್ಣವು. ಅದರೊಳಗೆ ಉದ್ದನೆಯ ತಂತಿ ಬ್ರಷ್ಷನ್ನು ತೂರಿಸಿ ಆ ತುದಿಯಲ್ಲಿ ಹೊರಗೆ ತೆಗೆಯಬೇಕು, ಬ್ರಷ್ಷು ಬೆಳ್ಳಗೆ ಬರುವ ತನಕ. ಒಂದಕ್ಕೆ ಹನ್ನೆರಡು ನಿಮಿಷ. ಆಮೇಲೆ ಯಂತ್ರದಲ್ಲಿ ನಲವತ್ತು ನಿಮಿಷ. ದಿನಕ್ಕೆ ಮೂವತ್ತೈದು ಸ್ಕೋಪು ಬರುತ್ತವೆ, ಅದರಲ್ಲಿ ಹದಿನಾಲ್ಕು ರುದ್ರೇಶರ ಪಾಲು. ರೋಗಿಯ ಮೈಯಿಂದ ಹೊರಬಂದ ಸ್ಕೋಪು ಒಣಗುವ ಮುಂಚೆ ಸಿಂಕಿಗೆ ಬೀಳಬೇಕು. ಅದಕ್ಕೇ ಇವರ ಕಣ್ಣು ಸದಾ ಬಾಗಿಲ ಮೇಲೆ.

“ನಾ ಊರಾಗ ಹಾಲಿನ ಡೇರಿಯೊಳಗ ಪೈಪ್ ತೊಳೀತಿದ್ದೆ ನೋಡ್ರಿ,” ಎನ್ನುತ್ತಾರೆ ರುದ್ರೇಶ. “ಅಲ್ಲಿ ಒಂದು ಹನಿ ಉಳದ್ರ ಮರುದಿನದ ಹಾಲೆಲ್ಲಾ ಒಡೀತಿತ್ತು. ಇಲ್ಲಿ ಉಳದ್ರ ಮಂದಿ ಜೀವಕ್ಕ ಬರ್ತದ.”

ಊರು ಧಾರವಾಡದ ಹತ್ತಿರ. ವಯಸ್ಸು ನಲವತ್ತಾರು. ಹೆಂಡತಿ ಅಪೂರ್ವಾಗೆ ಲಂಡನ್ನಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಎರಡು ವರ್ಷ ಪೆಟ್ಟಿಗೆ ಹೊತ್ತು ಬೆನ್ನು ಹಿಡಿದ ಮೇಲೆ ಈ ಕೆಲಸಕ್ಕೆ ಅರ್ಜಿ ಹಾಕಿದರು. ಕನ್ನಡದವರ ಕೂಟಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ “ಆಸ್ಪತ್ರ್ಯಾಗ ಇದ್ದೇನ್ರಿ” ಎಂದು ಮಾತು ಹಾರಿಸಿಬಿಡುತ್ತಾರೆ. ಊಟದ ತಟ್ಟೆ ಹಿಡಿದು ನಿಂತವರ ಮುಂದೆ ಕರುಳಿನ ಕಥೆ ಹೇಗೆ ತೆಗೆಯುವುದು, ಹೇಳಿ!

ಹೋದ ವರ್ಷದವರೆಗೆ, ಈ ಕೆಲಸದ ಎಂಟು ವರ್ಷದಲ್ಲಿ ಒಬ್ಬ ರೋಗಿಯ ಮುಖವನ್ನೂ ಅವರು ನೋಡಿರಲಿಲ್ಲ. ನೋಡುವ ಹಾಗೂ ಇಲ್ಲ. ಸ್ಕೋಪು ತೊಳೆಯುವ ಕೊಳೆಯ ಕೋಣೆಯವರು ರೋಗಿಗಳಿರುವ ಕಡೆ ಸುಳಿಯಬಾರದು, ಯಾರ ಫಲಿತಾಂಶವನ್ನೂ ಕೇಳಬಾರದು. ಆದರೆ ಯಾರು ಏನು ತಿಂದಿದ್ದರು ಎಂಬುದು ಮಾತ್ರ ಬ್ರಷ್ಷಿಗೆ ಗೊತ್ತಾಗುತ್ತದೆ. ಟೊಮೆಟೊ ಸಿಪ್ಪೆ, ಎಳ್ಳಿನ ಕಾಳು, ಒಮ್ಮೆ ಅಂಜೂರದ ಬೀಜ.

ಹೋದ ವರ್ಷ ಮಾರ್ಚಿನಲ್ಲಿ ಒಂದು ಸ್ಕೋಪಿನ ದಾರಿ ಗಟ್ಟಿಯಾಗಿ ಕಟ್ಟಿಕೊಂಡು ಬಂತು. ತಿಣುಕಾಡಿ ಬ್ರಷ್ಷು ಎಳೆದರೆ ತುದಿಯಲ್ಲಿ ಪೇರಲ ಬೀಜ, ಜೊತೆಗೆ ನಾಲ್ಕು ಸಾಸಿವೆ ಕಾಳು. ತೊಳೆದು ಮುಂದಕ್ಕೆ ಹಾಕಿದರು. ಮೂರು ವಾರದ ಮೇಲೆ ಮತ್ತೆ ಅದೇ, ಅದೇ ಬೀಜ, ಅದೇ ಸಾಸಿವೆ. ರುದ್ರೇಶರ ಕೈ ನಿಂತಿತು. ಅವುಗಳಲ್ಲಿ ಕೆಲವು ಎಣ್ಣೆಯಲ್ಲಿ ಚಟಪಟ ಸಿಡಿದು ಬಾಯಿಬಿಟ್ಟ ಕಾಳುಗಳು. ಇದು ಒಗ್ಗರಣೆ! ಇದು ನಮ್ಮವರ ಹೊಟ್ಟೆ!

ಏಪ್ರನ್ ಕಿತ್ತೆಸೆದು, ಕೈ ತೊಳೆದುಕೊಂಡು, ಎಂಟು ವರ್ಷ ದಾಟದ ಬಾಗಿಲನ್ನು ದಾಟಿಯೇಬಿಟ್ಟರು. ಕಾರಿಡಾರಿನಲ್ಲಿ ಸಿಸ್ಟರ್ ಗ್ರೇಸ್ ಸಿಕ್ಕರು. ಘಾನಾ ದೇಶದ ಈ ಹಿರಿಯ ನರ್ಸ್ ಆ ವಿಭಾಗದ ಯಜಮಾನಿ. “ನೀನಿಲ್ಲಿ ಏನು ಮಾಡ್ತಿದ್ದೀಯ?” ಎಂದು ಗದರಿದರು. ರುದ್ರೇಶ ಒಂದೇ ಉಸಿರಿಗೆ ಬೀಜ, ಸಾಸಿವೆ, ಒಗ್ಗರಣೆ ಎಲ್ಲವನ್ನೂ ಒದರಿದರು. ಗ್ರೇಸ್ ರೋಗಿಯ ಒಪ್ಪಿಗೆ ಕೇಳಿ ಬಂದು, ಅವರನ್ನು ಒಳಗೆ ಕರೆದುಕೊಂಡು ಹೋದರು.

ಹಾಸಿಗೆಯ ಮೇಲೆ ವತ್ಸಲಾ ಕೂತಿದ್ದರು. ಮೈಸೂರಿನವರು, ಎಪ್ಪತ್ತೆರಡು ವರ್ಷ, ಮಗನ ಮನೆಯಲ್ಲಿದ್ದಾರೆ. ಇಲ್ಲಿ ಹೆಸರು ಬರೆಯಲು ಅವರೇ ಒಪ್ಪಿದ್ದಾರೆ. ಮಲದಲ್ಲಿ ರಕ್ತ ಕಂಡಿತ್ತು, ಮೈಯಲ್ಲಿ ರಕ್ತ ಕಡಿಮೆಯಾಗುತ್ತಿತ್ತು. ಗಂಟೇನಾದರೂ ಇದ್ದರೆ ಬೇಗ ಸಿಗಬೇಕು. ಆದರೆ ಎರಡು ಸಲವೂ ಕರುಳು ಸ್ವಚ್ಛವಾಗಿಲ್ಲದೆ ಡಾಕ್ಟರಿಗೆ ಏನೂ ಕಾಣಲಿಲ್ಲ. ಹೊಟ್ಟೆ ತೊಳೆಯುವ ಔಷಧಿಯನ್ನು ಈಕೆ ಕುಡಿದೇ ಇಲ್ಲವೇನೋ ಎಂದು ಡಾಕ್ಟರಿಗೆ ಅನುಮಾನ.

ರುದ್ರೇಶರ ಕನ್ನಡ ಕಿವಿಗೆ ಬಿದ್ದದ್ದೇ ವತ್ಸಲಾ ಅತ್ತುಬಿಟ್ಟರು. “ಎರಡು ಲೀಟರೂ ಕುಡಿದಿದ್ದೀನಪ್ಪ, ಒಂದು ತೊಟ್ಟೂ ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ನಾನು ಸುಳ್ಳು ಹೇಳ್ತೀನಾ?”

“ಅಜ್ಜಿ ಡ್ರ್ಯಾಂಕ್ ಇಟ್ ಆಲ್,” ಎಂದಳು ಪಕ್ಕದಲ್ಲಿದ್ದ ಮೊಮ್ಮಗಳು ಮಾನ್ಯಾ.

“ಅಮ್ಮಾರ, ಅದಕ್ಕೂ ಮದಲ ಏನ್ ತಿಂದ್ರಿ?”

“ತಿನ್ನೋದೇನು ಬಂತು! ಹೊಟ್ಟೆ ಶುದ್ಧಿ ಮಾಡ್ಕೊಂಡು ಬನ್ನಿ ಅಂದ್ಮೇಲೆ ಅನ್ನ ಮುಟ್ಟೋದುಂಟಾ? ಮೂರು ದಿವಸ ಬರೀ ಫಲಾಹಾರ. ಸೀಬೆ ಹಣ್ಣು, ದಾಳಿಂಬೆ, ರಾತ್ರಿಗೆ ಒಂದು ಹಿಡಿ ಒಗ್ಗರಣೆ ಅವಲಕ್ಕಿ. ಮೊದಲನೇ ಸಲ ಸರಿಹೋಗಲಿಲ್ಲ ಅಂತ ಈ ಸಲ ಐದು ದಿವಸ ಮಾಡಿದೆ.”

ಅಯ್ಯೋ ಶಿವನೇ! ಮೈಸೂರಿನವರ ಸೀಬೆಯೇ ಧಾರವಾಡದವರ ಪೇರಲ! ಆಸ್ಪತ್ರೆಯ ಹಾಳೆಯಲ್ಲಿ ಬರೆದಿದ್ದದ್ದು ಸರಿಯಾಗಿ ಉಲ್ಟಾ. ಬಿಳಿ ಅನ್ನ, ಮೊಸರು ತಿನ್ನಿ, ಹಣ್ಣು, ಬೀಜ, ಕಾಳು ಬಿಡಿ ಅಂತ. ಮಾನ್ಯಾ ಅದನ್ನು ಓದಿ ಅಜ್ಜಿಗೆ ಹೇಳಿದ್ದು ಒಂದೇ ಮಾತು, ಲೈಟಾಗಿ ತಿನ್ನಬೇಕಂತೆ. ಲೈಟಾಗಿ ಅಂದರೆ ಅನ್ನ ಬಿಡುವುದು ಎಂದು ವತ್ಸಲಾರ ಅಮ್ಮ, ಅತ್ತೆ ಎಲ್ಲರೂ ಕಲಿಸಿದ್ದಾರೆ. ಶ್ರದ್ಧೆಯಿಂದ ಮಾಡಿದಷ್ಟೂ ಕರುಳು ಗಲೀಜಾಯಿತು.

ರುದ್ರೇಶ ಕುರ್ಚಿ ಎಳೆದು ಕೂತರು. ಪಾಠ ಹೇಳಿದ್ದು ತಮ್ಮ ಧಾಟಿಯಲ್ಲೇ: “ನೋಡ್ರಿ ಅಮ್ಮಾರ, ಹೊಟ್ಟಿ ಮೂರ್ನಾಕು ತಾಸು ಊಟ ಅರದು ಗಂಜಿ ಮಾಡ್ತದ. ಆಮ್ಯಾಲ ಸಣ್ಣ ಕಳ್ಳು, ಅಂದ್ರ ನಿಮ್ಮ ಕಡೆ ಕರುಳು, ಇಪ್ಪತ್ತು ಫೂಟ್ ಉದ್ದ. ಬೇಕಾದ್ದೆಲ್ಲಾ ಹೀರಿಕೊಳ್ಳೂದು ಅಲ್ಲೇ. ಬಿಳಿ ಅನ್ನ ಅಲ್ಲಿಗೇ ಮುಗೀತು, ಕೆಳಗ ಬರೂದು ಅಷ್ಟಕ್ಕಷ್ಟ. ಹಣ್ಣಿನ ನಾರು, ಬೀಜ, ಸಾಸಿವಿ ಇವಕ್ಕ ನಮ್ಮ ಹೊಟ್ಟಿ ರಸ ಹತ್ತೂದಿಲ್ಲ. ಇದ್ದಂಗ ದೊಡ್ಡ ಕಳ್ಳಿಗೆ ಬರ್ತಾವ. ಅದರ ಕೆಲಸ ಭಾಳ ನಿಧಾನ, ನೀರು ಹೀರಿಕೋತ ಒಂದು ದಿನ, ಎರಡು ದಿನ ಇಟ್ಕೋತದ. ಡಾಕ್ಟರು ನೋಡೂದೂ ಅಲ್ಲೇ. ನಿಮ್ಮ ಔಷಧಿ ನೀರು ಹೋತು, ಬೀಜ ಅಂಟಿಕೊಂಡು ಕೂತ್ವು.”

“ಹಾಗಾದ್ರೆ ಅನ್ನ ಊಟ ಮಾಡ್ಲಾ?”

“ಮೆತ್ತಗ ಮೊಸರನ್ನ ಉಣ್ರಿ. ಒಗ್ಗರಣಿ ಮಾತ್ರ ಬ್ಯಾಡ.”

ಗ್ರೇಸ್ ಆ ದಿನ ರುದ್ರೇಶರನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಡಾಕ್ಟರಿಗೆ ಒಂದು ಚೀಟಿ ಬರೆದು, ಹತ್ತು ದಿನದಲ್ಲಿ ಮೂರನೇ ಪರೀಕ್ಷೆಗೆ ದಿನಾಂಕ ಕೊಡಿಸಿದರು. ಆ ಹತ್ತು ದಿನ ರುದ್ರೇಶರಿಗೆ ನಿದ್ದೆ ಸರಿಯಾಗಲಿಲ್ಲ. “ಮದಲನೇ ಸಲನ ಸಾಸಿವಿ ನೋಡಿದ್ನಲ್ರೀ. ಆವಾಗ ಬಾಯಿ ಬಿಟ್ಟಿದ್ರ ಮೂರು ವಾರ ಉಳೀತಿತ್ತು,” ಎಂದು ಈಗಲೂ ಹಣೆ ತಿಕ್ಕಿಕೊಳ್ಳುತ್ತಾರೆ. ಮನೆಯಲ್ಲಿ ಅಪೂರ್ವಾ ಒಗ್ಗರಣೆ ಹಾಕಿದರೆ ಎದ್ದು ಆಚೆ ಹೋಗುತ್ತಿದ್ದರಂತೆ.

ಮೂರನೇ ಸಲ ವತ್ಸಲಾರ ಸ್ಕೋಪು ಸಿಂಕಿಗೆ ಬಂದಾಗ ಹತ್ತೂಕಾಲು. ಬ್ರಷ್ಷನ್ನು ಎಂದಿಗಿಂತ ನಿಧಾನವಾಗಿ ತೂರಿಸಿದರು. ಆ ತುದಿಯಲ್ಲಿ ಬ್ರಷ್ಷು ಬೆಳ್ಳಗೆ ಬಂತು. ಒಂದು ಬೀಜವಿಲ್ಲ, ಒಂದು ಕಾಳಿಲ್ಲ. ಅಂದರೆ ಡಾಕ್ಟರಿಗೆ ಕಂಡಿದೆ. ಆದರೆ ಏನು ಕಂಡಿದೆ? ಕೇಳುವ ಹಾಗಿಲ್ಲ! ಮುಂದಿನ ಸ್ಕೋಪು ಬಂತು, ಅದರ ಮುಂದಿನದೂ ಬಂತು. ಹೀಗೇ ಮೂರು ವಾರ ಕಳೆದವು.

ರೋಗಿಗಳಿಗೆ ಕೊಡುವ ಆ ಹಾಳೆ ಇನ್ನೂ ಬದಲಾಗಿಲ್ಲ. ಗ್ರೇಸ್ ಬರೆದ ಮನವಿ ಯಾವುದೋ ಸಮಿತಿಯ ಮುಂದಿದೆ. ರುದ್ರೇಶರ ಆಸೆ ಒಂದೇ, ಅದರಲ್ಲಿ ಕನ್ನಡ, ತಮಿಳು, ಗುಜರಾತಿಯಲ್ಲಿ ಒಂದೊಂದು ಸಾಲು ಬರಬೇಕು: ಈ ದಿನಗಳಲ್ಲಿ ಅನ್ನ ಉಣ್ಣಿ, ಹಣ್ಣು ಬಿಡಿ. “ನನ್ನ ಹೆಸರು ಬ್ಯಾಡ್ರಿ. ಆ ಒಂದು ಸಾಲು ಬಂದ್ರ ಸಾಕು,” ಎನ್ನುತ್ತಾರೆ. ವಾರಕ್ಕೊಮ್ಮೆ ಗ್ರೇಸ್‌ರ ಬಾಗಿಲಲ್ಲಿ ನಿಂತು ಅದನ್ನೇ ಕೇಳಿ ತಲೆ ತಿನ್ನುವುದನ್ನು ಬಿಟ್ಟಿಲ್ಲ.

ವತ್ಸಲಾರ ವಿಷಯ ಗೊತ್ತಾದದ್ದು ವತ್ಸಲಾರಿಂದಲೇ. ಆ ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಾನ್ಯಾಳ ಕೈ ಹಿಡಿದು ಬಂದವರು, ಪೈಪು ತೊಳೆಯುವ ಧಾರವಾಡದವರನ್ನು ಕರೆಯದೆ ಕದಲುವುದಿಲ್ಲ ಎಂದು ಕೂತುಬಿಟ್ಟರು. ರುದ್ರೇಶ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. ದ್ರಾಕ್ಷಿಯಷ್ಟು ದಪ್ಪದ ಗಂಟು ಸಿಕ್ಕಿತಂತೆ. ಅವತ್ತೇ ಕತ್ತರಿಸಿ ತೆಗೆದರಂತೆ. ಇನ್ನೂ ಕೆಟ್ಟಿರಲಿಲ್ಲ, ಬಿಟ್ಟಿದ್ದರೆ ಕ್ಯಾನ್ಸರ್ ಆಗಬಹುದಿತ್ತು ಎಂದು ಲ್ಯಾಬಿನಿಂದ ವರದಿ ಬಂದಿದೆ. ರುದ್ರೇಶ ಗೋಡೆಗೆ ಒರಗಿ ನಿಂತರು, ನಿಜವಾಗಿಯೂ ನಿಂತರು.

“ಮೂರು ವರ್ಷ ಬಿಟ್ಟು ಇನ್ನೊಂದು ಸಲ ನೋಡ್ಬೇಕಂತೆ ಕಣಪ್ಪ,” ಎಂದರು ವತ್ಸಲಾ. “ಅಷ್ಟೊತ್ತಿಗೆ ನಾನಿರ್ತೀನಿ ಅಂತ ಡಾಕ್ಟರೇ ಲೆಕ್ಕ ಹಾಕಿದಾರೆ ನೋಡು.”

“ಬರ್ರಿ ಅಮ್ಮಾರ,” ಎಂದರು ರುದ್ರೇಶ. “ಪೈಪ್ ತೊಳದು ಇಟ್ಟಿರ್ತೇನಿ.”