ಅವ್ವನ ಪಾಲಿಗೆ ಬಿಳಿ

ಆ ಪ್ಯಾಕೆಟ್ಟನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಒಳಗಿರುವುದು ಮೊಟ್ಟೆಯೆಂದು ಅವ್ವ ಒಪ್ಪಲಿಲ್ಲ. ದೊಡ್ಡ ಹಾಲಿನ ಪ್ಯಾಕೆಟ್ಟಿನಷ್ಟಿತ್ತು. ಒತ್ತಿದರೆ ಒಳಗೆ ಏನೋ ಜಾರಿ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು.

"ಚಿಪ್ಪಿಲ್ಲ, ಹಳದಿ ಇಲ್ಲ. ಇದು ತನ್ನ ತತ್ತಿ ಅಂತ ಆ ಕೋಳಿಗರ ಗೊತ್ತೈತೇನು?" ಎಂದಳು.

ನಾನು ಎಂಎಸ್ಸಿ ಮುಗಿಸಿ ಕೊಟ್ಟೂರಿನ ಮನೆಗೆ ಮರಳಿದ ವರ್ಷ ಅದು. ಅವ್ವನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದೆವು. ಏನು ತಿನ್ನಬಾರದು ಎಂಬುದನ್ನು ಡಾಕ್ಟರು ಬಹಳ ಹೊತ್ತು ಹೇಳಿದ್ದರು. ಉಪ್ಪು ಬೇಡ, ಟೊಮೇಟೊ ಬೇಡ, ಬಾಳೆಹಣ್ಣು ಬೇಡ, ಎಳನೀರಂತೂ ಬೇಡವೇ ಬೇಡ. ಇಡೀ ದಿನದ ನೀರು ಒಂದು ಸಣ್ಣ ಬಾಟಲಿಯಲ್ಲಿ ಮುಗಿಯಬೇಕು. ತಿನ್ನಲೇಬೇಕು ಎಂದು ಹೇಳಿದ್ದು ಒಂದನ್ನೇ: ಮೊಟ್ಟೆಯ ಬಿಳಿ. ರಕ್ತ ಶುದ್ಧಿಯಾಗುವಾಗ ದೇಹದ ಸತ್ವವೂ ಹೊರಟುಹೋಗುತ್ತದೆ, ಅದನ್ನು ತುಂಬಲು ದಿನವೂ ಬಿಳಿ ಬೇಕು. ಹಳದಿಯಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚು, ಅದನ್ನು ಹೊರಗೆ ಹಾಕುವ ಶಕ್ತಿ ಅವ್ವನ ದೇಹಕ್ಕೆ ಇರಲಿಲ್ಲ. ರಸಾಯನಶಾಸ್ತ್ರ ಓದಿದ್ದ ನನಗೆ ಇದೆಲ್ಲ ಕೂಡಲೇ ಅರ್ಥವಾಯಿತು. ಅರ್ಥವಾದುದನ್ನು ಅಡುಗೆಮನೆಯಲ್ಲಿ ನಡೆಸುವುದು ಬೇರೆ ಮಾತು.

ಮೊದಮೊದಲು ದಿನವೂ ಮೊಟ್ಟೆ ಒಡೆದು, ಹಳದಿಯನ್ನು ಅರ್ಧ ಚಿಪ್ಪಿನಿಂದ ಅರ್ಧ ಚಿಪ್ಪಿಗೆ ದಾಟಿಸುತ್ತ ಬಿಳಿಯನ್ನು ಕೆಳಗಿಳಿಸುತ್ತಿದ್ದೆ. ಅವ್ವ ಅಡುಗೆಮನೆಯ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದಳು. ಬಟ್ಟಲಲ್ಲಿ ಉಳಿಯುತ್ತಿದ್ದ ಹಳದಿಗಳನ್ನು ಅಪ್ಪನೂ ನಾನೂ ತಿಂದು ತಿಂದು ಬೇಸತ್ತೆವು. ಆಮೇಲೆ ಎದುರಿನ ಬೇಕರಿಯ ಚಾಚಾ ಅವನ್ನು ಬನ್ನಿನ ಮೇಲೆ ಸವರಲು ಒಯ್ಯತೊಡಗಿದರು. ದಾವಣಗೆರೆಯಲ್ಲಿ ಬೇಕರಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಬರೀ ಬಿಳಿಯ ಪ್ಯಾಕೆಟ್ ಸಿಗುತ್ತದೆ, ದೊಡ್ಡ ಊರಿನ ಕೇಕ್ ಮಾಡುವವರು ಅದನ್ನೇ ತರಿಸುತ್ತಾರೆ ಎಂದು ಹೇಳಿದವರೂ ಅವರೇ.

"ಹೆಂಗೂ ಅಲ್ಲಿಗೆ ಹೋಗ್ತೀರಲ್ಲ ಬೇಟಾ, ತಗೊಂಡು ಬರ್ರಿ. ನಮ್ಮ ಐಸ್‌ಕ್ರೀಮ್ ಪೆಟ್ಟಿಗ್ಯಾಗ ಇಡ್ತೀನಿ," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಊರಿಗೆಲ್ಲ ಕರೆಂಟ್ ಕೊಡೋ ಲೈನ್‌ಮನ್ ಸಾಹೇಬರ ಮನ್ಯಾಗ ಒಂದು ಫ್ರಿಡ್ಜ್ ಇಲ್ಲ, ನೋಡ್ರಿ," ಎಂದು ಕೆಣಕಿದರು.

"ಕರೆಂಟ್ ಯಾವಾಗ ಹೋಗತೈತಿ ಅಂತ ಗೊತ್ತಿದ್ದಾವ ಫ್ರಿಡ್ಜ್ ತಗೊಳಂಗಿಲ್ಲ ಭಾಯಿ," ಎಂದ ಅಪ್ಪ.

ಹಾಗೆ ಆ ಪ್ಯಾಕೆಟ್ಟುಗಳು ನಮ್ಮ ಜೊತೆ ಪ್ರಯಾಣ ಮಾಡತೊಡಗಿದವು. ಡಯಾಲಿಸಿಸ್ ಮುಗಿದ ಮೇಲೆ ಅವ್ವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ನಾನು ಅಂಗಡಿಗೆ ಹೋಗಿ ಬರುತ್ತಿದ್ದೆ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಅದರ ನಡುವೆ ಪ್ಯಾಕೆಟ್ ಇಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದೆ. ಅವ್ವ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗುತ್ತಿದ್ದಳು. ಹರಪನಹಳ್ಳಿಯಲ್ಲಿ ಬಸ್ಸು ನಿಂತಾಗ ಜನ ಚಹಾ ಕುಡಿಯಲು ಇಳಿದರೆ, ಅವಳು ಕಣ್ಣು ತೆರೆದು, ಕಿಟಕಿಯ ಹೊರಗಿನ ಲೋಟಗಳನ್ನು ನೋಡಿ, ಮತ್ತೆ ಕಣ್ಣು ಮುಚ್ಚುತ್ತಿದ್ದಳು.

ಪ್ಯಾಕೆಟ್ಟಿನ ಬಿಳಿಗೆ ತನ್ನದೇ ಗುಣವಿತ್ತು. ಕೆಡದಿರಲೆಂದು ಅದನ್ನು ಮೊದಲೇ ಒಂದಿಷ್ಟು ಬಿಸಿ ಮಾಡಿರುತ್ತಾರೆ. ಹಾಗಾಗಿ ಎಷ್ಟು ಕಡೆದರೂ ನೊರೆ ಸರಿಯಾಗಿ ಏಳುತ್ತಿರಲಿಲ್ಲ. ಹಂಚಿಗೆ ಹಾಕಿದರೆ ನೀರಿನಂತೆ ಹರಿದು, ಕಾಗದದಂತೆ ಗಟ್ಟಿಯಾಗುತ್ತಿತ್ತು. ಚಪಾತಿ ಹಿಟ್ಟಿಗೆ ನೀರಿನ ಬದಲು ಅದನ್ನೇ ಹಾಕಿ ನಾದುತ್ತಿದ್ದೆ. ದೋಸೆ ಹಿಟ್ಟಿಗೆ ಕೊನೆಯಲ್ಲಿ ಬೆರೆಸುತ್ತಿದ್ದೆ. ಉಪ್ಪಿಟ್ಟು ಇಳಿಸುವ ಮುನ್ನ ಸುರಿದು ಕೈಯಾಡಿಸಿದರೆ ರವೆಯೊಳಗೆ ಸೇರಿ ಕಾಣದಂತಾಗುತ್ತಿತ್ತು. ಉಳಿದದ್ದನ್ನು ಈರುಳ್ಳಿ, ಮೆಣಸಿನಪುಡಿ ಹಾಕಿ ಹುರಿಯುತ್ತಿದ್ದೆ. ಉಪ್ಪಿಲ್ಲದ ಆ ಬಿಳಿ ಚೂರುಗಳನ್ನು ಅವ್ವ ಔಷಧಿಯಂತೆ ನುಂಗುತ್ತಿದ್ದಳು.

"ಅಕಿಗೇನು ತ್ರಾಸು," ಎನ್ನುತ್ತಿದ್ದ ಅಪ್ಪ. "ಮೊದಲಿಂದ ಬಿಳಿದಂದ್ರ ಪ್ರಾಣ ಅಕಿಗೆ. ಡಾಕ್ಟರು ಅಕಿಗೆ ಸೇರೋದನ್ನ ಬರದಾರ."

ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾನು ಸಣ್ಣವಳಿದ್ದಾಗ ಭಾನುವಾರ ಮೊಟ್ಟೆ ಬೇಯುತ್ತಿತ್ತು. ಅವ್ವ ಹೊಲಿಗೆಯ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಕೈಯಲ್ಲಿ ಎಳೆದು ಹಿಡಿದು, ಸುಲಿದ ಮೊಟ್ಟೆಯನ್ನು ಅದಕ್ಕೆ ಒತ್ತಿ ಎರಡು ಹೋಳು ಮಾಡುತ್ತಿದ್ದಳು. ಚಾಕುವಿನಲ್ಲಿ ಕೊಯ್ದರೆ ಹಳದಿ ಪುಡಿಯಾಗಿ ಚಾಕುವಿಗೆ ಅಂಟುತ್ತದೆ, ದಾರಕ್ಕೆ ಅಂಟುವುದಿಲ್ಲ. ಒಂದು ಹಳದಿ ಅಪ್ಪನ ತಾಟಿಗೆ, ಒಂದು ಅಜ್ಜಿಯ ತಾಟಿಗೆ, ಒಂದು ನನಗೆ. ಬಿಳಿಯಲ್ಲೂ ನಮ್ಮ ಪಾಲು ಹೋಗಿ ಉಳಿದ ಖಾಲಿ ಹೋಳುಗಳು ಅವಳಿಗೆ. "ನನಗ ಬಿಳಿದ ಸೇರತೈತಿ. ಹಳದಿ ಒಂಥರಾ ವಾಸನಿ," ಎನ್ನುತ್ತಿದ್ದಳು. ಆ ಖಾಲಿ ಹೋಳಿಗೆ ಚಟ್ನಿಪುಡಿ ತುಂಬಿಕೊಂಡು ತಿನ್ನುತ್ತಿದ್ದಳು. ಅದನ್ನು ನೋಡಿದರೆ ನಿಜವಾಗಿಯೂ ಇಷ್ಟವೆಂದೇ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ನಾನು ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿಯುತ್ತಿದ್ದಾಗ ಅವ್ವ ಕೇಳಿದಳು. "ಇದರ ಹಳದಿ ಎಲ್ಲಿ ಹೋಗಿರತೈತಿ?"

"ಮಷಿನ್ನಾಗ ಬಿಡಿಸಿ ಅದನ್ನ ಬ್ಯಾರೆ ಪ್ಯಾಕೆಟ್ ಮಾಡತಾರ. ಬಿಸ್ಕೀಟು, ಐಸ್‌ಕ್ರೀಮು ಮಾಡೋರಿಗೆ ಹೋಗತೈತಿ."

"ಅಂದ್ರ ಯಾರೋ ತಿಂತಾರ."

"ಹ್ಞೂಂ."

ಅವ್ವ ಸಣ್ಣಗೆ ನಕ್ಕಳು. "ಮಷಿನ್ನೂ ಬಿಳಿದನ್ನ ನನ್ನ ಪಾಲಿಗೆ ಹಾಕ್ತು ನೋಡು."

ನಾನೂ ನಕ್ಕು, "ನಿನಗ ಸೇರೋದ ಅದ ಅಲ್ಲನವ್ವ?" ಎಂದೆ.

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ, "ಮೂರು ತತ್ತಿ, ನಾಕು ಮಂದಿ. ಯಾರಿಗರ ಒಬ್ಬರಿಗೆ ಬಿಳಿದು ಸೇರಬೇಕಾಗತೈತವ್ವ," ಎಂದಳು.

ನಾನು ಸುರಿಯುವುದನ್ನು ನಿಲ್ಲಿಸಿದೆ.

"ತವರುಮನ್ಯಾಗೂ ಹಂಗ. ನಿಮ್ಮ ಚಿಕ್ಕವ್ವ ಹಳದಿ ಸಿಗಲಿಲ್ಲಂದ್ರ ಅಂಗಳದಾಗ ಬಿದ್ದು ಹೊಳ್ಳಾಡತಿದ್ಲು. ಹಿರೇಮಗಳು ನಾನು. ಒಮ್ಮೆ ಹೇಳಿಬಿಟ್ಟೆ, ನನಗ ಬಿಳಿದು ಸೇರತೈತಿ ಅಂತ. ಅದ ಹೆಸರಾತು." ಪಾತ್ರೆಯ ಕಡೆ ನೋಡಿ, "ಈಗ ಒಂದು ಹಳದಿ ತಿನ್ನಬೇಕು ಅನಸತೈತಿ. ಬಾಯಾಗ ಬರೇ ಕಬ್ಬಿಣದ ರುಚಿ. ನೀನು ತತ್ತಿ ಒಡೀತಿದ್ದಾಗ ನೋಡತಿದ್ದೆ. ಚಾಚಾ ಅದನ್ನ ಒಯ್ದು ಬನ್ನಿಗೆ ಹಚ್ಚತಿದ್ರಲ್ಲ, ಹೊಟ್ಟಿ ಉರೀತಿತ್ತು ನನಗ," ಎಂದಳು. ನಗುತ್ತಲೇ ಹೇಳಿದಳು. ಕೊನೆಗೆ, "ನಿಮ್ಮಪ್ಪಗ ಹೇಳಬ್ಯಾಡ ಮತ್ತ. ಪಾಪ, ಇಷ್ಟು ವರ್ಷ ತಿಂದಾನ," ಎಂದು ಸೇರಿಸಿದಳು.

ಮುಂದಿನ ಸಲ ದಾವಣಗೆರೆಗೆ ಹೋದಾಗ ನಾನು ಡಾಕ್ಟರನ್ನು ಕೇಳಿದೆ. ಅವರು ರಿಪೋರ್ಟಿನ ಮೇಲೆ ಪೆನ್ನು ಇಟ್ಟು, ರಂಜಕ ಇನ್ನೂ ಹೆಚ್ಚೇ ಇದೆ, ಇದು ಇಳಿಯಲಿ, ಆಮೇಲೆ ನೋಡೋಣ ಎಂದರು. ಅವ್ವ ಅದನ್ನು ಕೊಟ್ಟ ಮಾತಿನಂತೆ ಹಿಡಿದುಕೊಂಡಳು. ರಂಜಕ ಹೀರಿಕೊಳ್ಳಲೆಂದು ಊಟದ ಜೊತೆ ಅಗಿಯಬೇಕಾದ ಸುಣ್ಣದಂಥ ಮಾತ್ರೆಯನ್ನು ಮೊದಲು ಕದ್ದು ಉಗುಳುತ್ತಿದ್ದವಳು ಈಗ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಳು. ಬೇಳೆಯನ್ನು ತಾನಾಗಿಯೇ ಬದಿಗೆ ಸರಿಸುತ್ತಿದ್ದಳು. ನಾನು ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಅದೊಂದು ಗುಟ್ಟಾದ ಕೆಲಸವಾಗಿತ್ತು. ರಕ್ತ ಪರೀಕ್ಷೆಯ ದಿನ ಬಸ್ಸಿನಲ್ಲಿ ಅವಳು ನಿದ್ದೆ ಮಾಡುತ್ತಿರಲಿಲ್ಲ.

ಎರಡು ರಿಪೋರ್ಟು ಕಳೆದು ಮೂರನೆಯದರಲ್ಲಿ ಅಂಕಿ ಇಳಿಯಿತು. "ವಾರಕ್ಕೊಂದು ಪೂರ್ತಿ ಮೊಟ್ಟೆ ತಿನ್ನಲಿ. ಒಂದೇ," ಎಂದರು ಡಾಕ್ಟರು. ಅವ್ವ ಅವರಿಗೆ ಕೈಮುಗಿದಳು. ಮೊಟ್ಟೆಯೊಂದಕ್ಕೆ ಕೈಮುಗಿದಳೆಂದು ಆ ಡಾಕ್ಟರಿಗೆ ಗೊತ್ತಾಗಿರಲಾರದು.

ಆ ಭಾನುವಾರ ಇಟ್ಟಿಗಿ ಕಡೆ ಲೈನು ಹರಿದಿದೆಯೆಂದು ಕರೆ ಬಂದು ಅಪ್ಪ ಬೆಳಿಗ್ಗೆಯೇ ಹೋಗಿದ್ದ. ನಾನು ಒಂದು ಮೊಟ್ಟೆ ಬೇಯಿಸಿ, ಸುಲಿದು, ತಾಟಿನಲ್ಲಿಟ್ಟು ಅವ್ವನ ಮುಂದೆ ತಂದೆ. ಅವಳು ಅದನ್ನು ನೋಡುತ್ತ ಕುಳಿತು, "ದಾರ ಕೊಡು," ಎಂದಳು.

"ಯಾಕ? ಪೂರ್ತಿ ನಿಂದ."

"ಕೊಡು ಅಂದ್ರ ಕೊಡು."

ಹಲ್ಲಿನಲ್ಲಿ ದಾರ ಕಚ್ಚಿ, ಮೊಟ್ಟೆಯನ್ನು ಸರಿಯಾಗಿ ಎರಡು ಹೋಳು ಮಾಡಿದಳು. ಒಂದು ಹೋಳನ್ನು ಹಳದಿಯ ಸಮೇತ ನನ್ನ ಕಡೆ ಸರಿಸಿದಳು.

"ನಾ ಒಲ್ಲೆ," ಎಂದೆ. "ಎಷ್ಟು ದಿನ ಕಾದೀಯವ್ವ ಇದಕ್ಕ."

"ಒಬ್ಬಾಕಿನ ತಿಂದು ರೂಢಿ ಇಲ್ಲಲೇ. ಗಂಟಲಾಗ ಇಳ್ಯಂಗಿಲ್ಲ. ಮುಂದಿನ ವಾರ ಪೂರ್ತಿ ತಿಂತೀನಿ, ತಗೋ."

ನಾನು ತಿಂದೆ. ಅವಳು ಮೊದಲು ಬಿಳಿಯನ್ನು ಮುಗಿಸಿದಳು. ಆಮೇಲೆ ಆ ಅರ್ಧ ಹಳದಿಯನ್ನು ಚೂರು ಚೂರಾಗಿ ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ತಿಂದಳು. ಬೆಂದ ಹಳದಿ ಒಣಗಿದ್ದು, ಗಂಟಲಿಗೆ ಹತ್ತುವಂಥದ್ದು. ನಾನು ಅವಳ ನೀರಿನ ಬಾಟಲಿಯನ್ನು ಮುಂದೆ ಮಾಡಿದೆ. ಎಲ್ಲ ಹೊತ್ತೂ ನೀರಿಗಾಗಿ ಹಂಬಲಿಸುತ್ತಿದ್ದವಳು ಕೈಯಿಂದ ಬೇಡವೆಂದಳು. "ರುಚಿ ಹೋಗತೈತಿ. ಇರಲಿ ಬಾಯಾಗ."

ಮುಂದಿನ ವಾರ ಡಯಾಲಿಸಿಸ್ಸಿಗೆಂದು ಹಾಕಿದ್ದ ಕುತ್ತಿಗೆಯ ನಳಿಕೆಯಿಂದ ಸೋಂಕು ರಕ್ತಕ್ಕೆ ಇಳಿಯಿತು. ಮೈ ನಡುಗಿಸುವ ಜ್ವರ ಬಂತು. ಭಾನುವಾರ ಅವಳು ದಾವಣಗೆರೆಯ ಆಸ್ಪತ್ರೆಯಲ್ಲಿದ್ದಳು, ಬಾಯಿಂದ ಏನನ್ನೂ ಕೊಡುವ ಹಾಗಿರಲಿಲ್ಲ. ಮಂಗಳವಾರ ಅವಳನ್ನು ಊರಿಗೆ ತಂದೆವು. ಆ ದಿನ ನನ್ನ ತೊಡೆಯ ಮೇಲೆ ಐಸಿನ ಡಬ್ಬಿ ಇರಲಿಲ್ಲ.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯಬೇಕು. ಸತ್ತವರಿಗೆ ಇಷ್ಟವಾದುದನ್ನು ಮಾಡಿ ಇಡುವುದು ನಮ್ಮಲ್ಲಿ ಪದ್ಧತಿ. ಕಾನಹೊಸಹಳ್ಳಿಯಿಂದ ಬಂದಿದ್ದ ಚಿಕ್ಕವ್ವ ಬೆಳಿಗ್ಗೆಯಿಂದ ಒಲೆಯ ಮುಂದಿದ್ದಳು. ಬಾಳೆ ಎಲೆಯಲ್ಲಿ ಅನ್ನ, ಹೋಳಿಗೆ, ಬದನೆಕಾಯಿ ಪಲ್ಯ. ಈ ಸಲ ಪಲ್ಯಕ್ಕೆ ಉಪ್ಪೂ ಟೊಮೇಟೊವೂ ಬಿದ್ದಿದ್ದವು. ಆಮೇಲೆ ಚಿಕ್ಕವ್ವ ಬೆಂದ ಮೊಟ್ಟೆಗಳನ್ನು ಸುಲಿದು, ದಾರ ಕೇಳಿ ತೆಗೆದುಕೊಂಡು, ಅವ್ವ ಮಾಡುತ್ತಿದ್ದ ಹಾಗೆಯೇ ಹಲ್ಲಿನಲ್ಲಿ ಕಚ್ಚಿ ಹೋಳು ಮಾಡಿದಳು. ಹಳದಿಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸಿ ಬಟ್ಟಲಿಗೆ ಹಾಕಿದಳು. ಖಾಲಿ ಬಿಳಿ ಹೋಳುಗಳನ್ನು ಎಲೆಯ ಮೇಲೆ ಸಾಲಾಗಿ ಜೋಡಿಸಿದಳು.

"ಅಕ್ಕಗ ಬಿಳಿದಂದ್ರ ಪ್ರಾಣ," ಎಂದು ಕಣ್ಣೊರೆಸಿಕೊಂಡಳು. "ಸಣ್ಣಾಕಿದ್ದಾಗಿಂದ ಹಂಗ. ತನ್ನ ಹಳದಿ ಎಲ್ಲ ನನಗ ಕೊಡತಿದ್ಲು." ಬಟ್ಟಲನ್ನು ನನ್ನ ಕಡೆ ಸರಿಸಿ, "ನೀನು ಮೂರು ದಿನದಿಂದ ಏನೂ ತಿಂದಿಲ್ಲ. ತಗೋ ಯವ್ವಾ," ಎಂದಳು.

ಅಪ್ಪ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದ. ಯಾರಿಗೂ ಹೇಳಬೇಡ ಎಂದು ಅವ್ವ ಅಂದಿರಲಿಲ್ಲ. ಅಪ್ಪನಿಗೆ ಹೇಳಬೇಡ ಎಂದಷ್ಟೇ ಅಂದಿದ್ದಳು. ಅವನು ಅಲ್ಲಿಯೇ ಇದ್ದ.

ನಾನು ಎದ್ದೆ. ಕೈ ತೊಳೆದುಕೊಂಡು ಬಂದು, ಬಟ್ಟಲಿನಿಂದ ಅರ್ಧ ಹಳದಿಯೊಂದನ್ನು ಎತ್ತಿ ಎಲೆಯ ಮೇಲಿನ ಬಿಳಿ ಹೋಳಿನ ಗುಳಿಯಲ್ಲಿ ಕೂರಿಸಿದೆ. ಅದರ ಜೊತೆಯ ಹೋಳಿಗೂ ತುಂಬಿ, ಎರಡನ್ನೂ ಸೇರಿಸಿ ಮುಚ್ಚಿದೆ. ಆಮೇಲೆ ಇನ್ನೊಂದು.

ಅಪ್ಪ ನೋಡುತ್ತಿದ್ದ. ಬಟ್ಟಲು ಖಾಲಿಯಾದ ಮೇಲೆ ಕೇಳಿದ. "ಅಕಿಗೆ ಹಳದಿ ಸೇರತಿತ್ತೇನು?"

ಸುಳ್ಳು ಹೇಳಬಹುದಿತ್ತು. ಅವ್ವ ಇದ್ದಿದ್ದರೆ ಹೇಳುತ್ತಿದ್ದಳು.

"ಸೇರತಿತ್ತಪ್ಪ."

ಅವನು ತನ್ನ ಕೈಗಳನ್ನು ನೋಡಿಕೊಂಡ. "ವಾರಾ ವಾರಾ ನನ್ನ ತಾಟಿಗೆ ಹಾಕತಿದ್ಲಲ್ಲ," ಎಂದ.

ಹೊರಡುವಾಗ ಎಡೆಯ ಬುಟ್ಟಿಗೆ ಚಿಕ್ಕವ್ವ ಕೈ ಚಾಚಿದಳು. ಅಪ್ಪ ಅದನ್ನು ತಾನೇ ಎತ್ತಿಕೊಂಡ. ಮಣ್ಣು ಮಾಡಿದ ಜಾಗದವರೆಗೆ, ಉಜ್ಜಿನಿ ರಸ್ತೆಯ ಕಲ್ಲು ದಾರಿಯುದ್ದಕ್ಕೂ, ಮುಚ್ಚಿದ ಹೋಳುಗಳು ಬಿಚ್ಚಿಕೊಳ್ಳದಂತೆ, ಅವನು ಒಂದು ಅಂಗೈಯನ್ನು ಅವುಗಳ ಮೇಲೆ ಇಟ್ಟುಕೊಂಡೇ ನಡೆದ.