ಸರ್ವೇ ಗಿರಿಯಪ್ಪನವರ ಕೌದಿ

ಧಾರವಾಡದಲ್ಲಿ ಕಲ್ಲು ಒಗೆದರೆ ಒಂದೋ ಕವಿಯ ಮನೆಯ ಮೇಲೆ ಬೀಳಬೇಕು, ಇಲ್ಲವೇ ಗವಾಯಿಯ ಮನೆಯ ಮೇಲೆ ಬೀಳಬೇಕು ಎನ್ನುತ್ತಾರೆ. ಎಷ್ಟೇ ಜೋರಾಗಿ ಒಗೆದರೂ ಆ ಕಲ್ಲು ಮುಗದದ ತನಕ ಬರುವುದಿಲ್ಲ. ಮುಗದದಲ್ಲಿರುವುದು ಕೆರೆ, ಭತ್ತದ ಗದ್ದೆ ಮತ್ತು ಎಲ್ಲ ಗಾಡಿಗಳೂ ನಿಲ್ಲದ ಒಂದು ರೈಲು ನಿಲ್ದಾಣ. ಅಂಥ ಊರಿನಲ್ಲಿ ವರ್ಷಕ್ಕೊಮ್ಮೆ, ಜನವರಿಯ ಒಂದು ರವಿವಾರ, ಕೊಯ್ಲಾದ ಗದ್ದೆಯಲ್ಲಿ ಹೊತ್ತು ಹುಟ್ಟುವ ಮೊದಲೇ ತಂಬೂರಿ ಶ್ರುತಿಯಾಗುತ್ತದೆ. ಅದಕ್ಕೆ ಸರಕಾರ ಕಾರಣವಲ್ಲ, ಸಂಘವೂ ಕಾರಣವಲ್ಲ. ಸರ್ವೇ ಗಿರಿಯಪ್ಪನವರೊಬ್ಬರೇ ಕಾರಣ.

ಗಿರಿಯಪ್ಪ ಮೂವತ್ನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದವರು. ಅಣ್ಣತಮ್ಮಂದಿರ ಬಡಿದಾಟದ ನಡುವೆ ನಿಂತು ಕಲ್ಲು ನೆಟ್ಟು, ಇದು ನಿನ್ನದು, ಅದು ಅವನದು ಎಂದು ತೋರಿಸಿದವರು. ಹೊಲದ ಗಡಿ, ಹದ್ದು ಹುಡುಕುವ ಕಣ್ಣಿಗೆ ಊರೊಳಗಿನ ಹದ್ದು ಕಾಣುತ್ತಿರಲಿಲ್ಲ ಎಂದೇನಲ್ಲ. ಅದಕ್ಕೆ ನಕಾಶೆ ಇರಲಿಲ್ಲ, ಅಷ್ಟೇ.

ಅವರಿಗೆ ಸಂಗೀತದ ಹುಚ್ಚು ಹತ್ತಿಸಿದ್ದು ತಾಯಿ ರೇಣವ್ವ. ಆಕೆಗೇನೂ ಹಾಡಲು ಬರುತ್ತಿರಲಿಲ್ಲ. ಸೋಮವಾರ ಸಂಜೆ ಕೂಲಿ ಮುಗಿಸಿ, ಮಗನ ಕೈ ಹಿಡಿದುಕೊಂಡು ಹೋಗಿ, ಊರ ಭಜನೆಯ ಮನೆಯ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅವರು ಒಳಗೆ ಹೋಗುವ ಮಂದಿಯಲ್ಲ. ಬರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಒಳಗೆ ಪೇಟಿ, ತಬಲಾ, ತಾಳ. ಹೊರಗೆ ಹಸಿರು ಪತ್ತಲ ಉಟ್ಟ ತಾಯಿ, ಚಡ್ಡಿ ಹಾಕಿದ ಮಗ.

“ಅವ್ವಾ, ಒಳಗ ಹೋಗೂಣು,” ಎಂದು ಒಮ್ಮೆ ಹಟ ಹಿಡಿದಾಗ ಆಕೆ ಹೇಳಿದ್ದಳು: “ಹಾಡು ತಾನ ಗ್ವಾಡಿ ದಾಟಿ ನಮ್ಮ ಕಡೆ ಬರಾಕತ್ತೈತಿ. ನಾವ್ಯಾಕ ದಾಟಬೇಕೋ ಮಗನ?”

ನಲವತ್ತು ವಯಸ್ಸಿನ ತನಕ ಗಿರಿಯಪ್ಪ ಅದನ್ನು ಬಹಳ ದೊಡ್ಡ ಮಾತೆಂದು ತಿಳಿದಿದ್ದರು. ಅದು ಮಗ ಅಳಬಾರದೆಂದು ಬಡ ತಾಯಿ ಆಡಿದ ಮಾತು ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಕೇಳೋಣವೆಂದರೆ ಆಕೆ ಇರಲಿಲ್ಲ.

ನಿವೃತ್ತರಾದ ವರ್ಷವೇ ಅವರು ತಮ್ಮ ಗದ್ದೆಯಲ್ಲಿ ಈ ಸಂಗೀತದ ಬೈಠಕ್ ಶುರುಮಾಡಿದರು. ಬಯಲಿಗೆ ಗೋಡೆಯಿಲ್ಲ, ಗೋಡೆ ಇಲ್ಲದ ಮೇಲೆ ಹೊರಗೆ ನಿಲ್ಲುವ ಮಾತೇ ಇಲ್ಲ, ಇದು ಅವರ ಲೆಕ್ಕ. ಧಾರವಾಡಕ್ಕೆ ಹೋಗಿ ಹಾಡುವವರ, ಬಾರಿಸುವವರ ಮನೆಮನೆ ತಿರುಗಿ ಒಪ್ಪಿಸಿದರು. ನೇಮಗಳನ್ನು ತಾವೇ ಮಾಡಿದರು. ಮುಖ್ಯ ಅತಿಥಿ ಬೇಡ, ಶಾಲು ಹಾರ ಬೇಡ. ಮೈಕಿನಲ್ಲಿ ಯಾರ ಹೆಸರನ್ನೂ ತೆಗೆದುಕೊಳ್ಳಬಾರದು, ಏಕೆಂದರೆ ಒಂದು ಹೆಸರು ತೆಗೆದುಕೊಂಡರೆ ನೂರು ಜನ ಮುನಿಸಿಕೊಳ್ಳುತ್ತಾರೆ. ಯಾರ ಹಂಗೂ ಯಾರಿಗೂ ಬೇಡ, ಹಾಸಿಕೊಳ್ಳಲು ಅವರವರ ಕೌದಿ, ಕುಡಿಯಲು ಅವರವರ ಲೋಟ, ತಿನ್ನಲು ಅವರವರ ಬುತ್ತಿ. ಬಿಸಿಲೇರಿದ ಮೇಲೆ ಅವರವರ ಮನೆ.

ಜನ ಬಂದರು. ಮೊದಲ ವರ್ಷ ನಲವತ್ತು, ಮರುವರ್ಷ ತೊಂಬತ್ತು. ಗದ್ದೆಯಲ್ಲಿ ಮೊದಲು ಹುಲ್ಲು ಹರವಿ ಅದರ ಮೇಲೆ ಕೌದಿ ಹಾಸುವುದು ವಾಡಿಕೆಯಾಯಿತು. ಹುಲ್ಲು ಕೊಡುತ್ತಿದ್ದವನು ಬದಿಯ ಗದ್ದೆಯ ಅಡಿವೆಪ್ಪ. ಗಿರಿಯಪ್ಪನವರ ಜೊತೆ ಏಳನೆಯ ಇಯತ್ತೆವರೆಗೆ ಓದಿದವನು. ಕೇಳುವ ಮೊದಲೇ ಎರಡು ಟ್ರಾಲಿ ಹುಲ್ಲು ತಂದು ಸುರಿಯುತ್ತಿದ್ದ, ನಡುಭಾಗದಲ್ಲಿ ಕುಳಿತು ತಲೆದೂಗುತ್ತಿದ್ದ, ಸಿಕ್ಕವರಿಗೆಲ್ಲ “ನಮ್ಮ ಸರ್ವೇ ಸಾಹೇಬ್ರಂಥಾ ಮನಷ್ಯಾ ಜಿಲ್ಲಾದಾಗ ಇಲ್ಲ ನೋಡ್ರಿ” ಎಂದು ಹೇಳುತ್ತಿದ್ದ. ಸುಳ್ಳು ಹೇಳುವ ಆಸಾಮಿಯಲ್ಲ ಅವನು, ಮನಸ್ಸಿನಿಂದಲೇ ಹೇಳುತ್ತಿದ್ದ.

ಗಿರಿಯಪ್ಪ ಪ್ರತಿವರ್ಷ ಎಲ್ಲರಿಗಿಂತ ಮೊದಲು, ಬಂದವರು ಕೂರಲೆಂದು ಒಂದು ಕೌದಿ ಹಾಸುತ್ತಿದ್ದರು. ರೇಣವ್ವ ಹಳೆಯ ಸೀರೆಯ ತುಂಡುಗಳಿಂದ ಹೊಲಿದದ್ದು. ನಟ್ಟನಡುವೆ ಆಕೆಯ ಹಸಿರು ಪತ್ತಲದ ಚೌಕ. ಮೊದಲ ವರ್ಷ ಆ ಕೌದಿ ಖಾಲಿ ಉಳಿಯಿತು. ಯಾರೋ ತಡವಾಗಿ ಬಂದು ಕೂರುತ್ತಾರೆಂದು ಬಿಟ್ಟಿರಬೇಕು ಎಂದುಕೊಂಡರು. ಮರುವರ್ಷ ಹಾಡುವವರ ಎದುರಿಗೇ ಹಾಸಿದರು, ಖಾಲಿ ಉಳಿಯಿತು. ಮೂರನೆಯ ವರ್ಷ ಮಾವಿನ ಗಿಡದ ನೆರಳಲ್ಲಿ, ಎಲ್ಲರೂ ಬಯಸುವ ಜಾಗದಲ್ಲಿ ಹಾಸಿದರು. ಧಾರವಾಡದ ಇಬ್ಬರು ಹುಡುಗಿಯರು ಬಂದು ಕೂತರು, ಊರವರು ಬಿಸಿಲಿನಲ್ಲೇ ಕೂತರು. ಆ ಕೌದಿಯ ಮೇಲೆ ಕುಪ್ಪಳಿಸುತ್ತಿದ್ದ ಮಗುವೊಂದನ್ನು ತಾಯಿ ರಟ್ಟೆ ಹಿಡಿದು ಎಳೆದುಕೊಂಡಳು, “ಅಲ್ಲಿ ಬಿಸಲೈತಿ, ಇಲ್ಲಿ ಬಾ” ಎಂದು. ನೆರಳಿನಲ್ಲಿ ಬಿಸಿಲು! ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಸಿಗುತ್ತದೆ.

ಅಡಿವೆಪ್ಪನನ್ನು ಒಮ್ಮೆ ಕೇಳಿಯೇ ಬಿಟ್ಟರು. “ನಮ್ಮ ಕೌದಿ ಮ್ಯಾಲೆ ಯಾಕೋ ಯಾರೂ ಕುಂದರೂದಿಲ್ಲಲಾ?”

“ನಿಮ್ಮ ಅವ್ವಾರ ನೆನಪಿಂದು ಐತಿ, ಸಾಹೇಬ್ರ,” ಎಂದ ಅಡಿವೆಪ್ಪ. “ಅದನ್ನ ನಾವು ಹ್ಯಾಂಗ ತುಳಿಯೂದ್ರಿ? ಮರ್ಯಾದಿ ಬ್ಯಾಡೇನ್ರಿ?”

ಉತ್ತರ ಎಷ್ಟು ಮೆತ್ತಗಿತ್ತೆಂದರೆ ಗಿರಿಯಪ್ಪನವರಿಗೆ ಸಿಟ್ಟಿಗೇಳಲೂ ಎಡೆ ಸಿಗಲಿಲ್ಲ. ಬೈದಿದ್ದರೆ ಬೈಯಬಹುದಿತ್ತು. ಮರ್ಯಾದೆ ಕೊಟ್ಟು ದೂರ ಇಟ್ಟವರಿಗೆ ಏನು ಹೇಳುವುದು?

ಇದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಹೆಂಡತಿ ಕಸ್ತೂರೆವ್ವ ತೀರಿಕೊಂಡು ನಾಲ್ಕು ವರ್ಷ. ಮಗಳು ಸ್ನೇಹಲ್ ಧಾರವಾಡದಲ್ಲಿ ಕಾಲೇಜಿನ ಮಾಸ್ತರಿಣಿ. ಮೊದಮೊದಲು ಬೈಠಕ್‌ಗೆ ಬರುತ್ತಿದ್ದಳು, ಐದನೆಯ ವರ್ಷಕ್ಕೆ ನಿಲ್ಲಿಸಿದಳು. ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದಳು: “ಪಪ್ಪಾ, ಅವರಿಗೆ ಹಾಡು ಬೇಕು, ನೀವು ಬ್ಯಾಡ. ನನಗ ನೋಡಾಕ ಆಗೂದಿಲ್ಲ.”

“ಹಾಂಗೇನಿಲ್ಲ ಬಿಡವಾ,” ಎಂದು ಗಿರಿಯಪ್ಪ ಫೋನ್ ಇಟ್ಟರು. ಗೋಡೆಯ ಮೇಲಿನ ಪಟದಲ್ಲಿ ಕಣ್ಣು ಮುಚ್ಚಿ ಕುಳಿತ ಬುದ್ಧನನ್ನು ನೋಡುತ್ತ ಕೂತರು. ಮಗಳು ಹೇಳಿದ್ದರಲ್ಲಿ ತಪ್ಪೇನೂ ಸಿಗಲಿಲ್ಲ.

ಎಂಟನೆಯ ವರ್ಷ ಬೈಠಕ್ ಮುಗಿದು ಜನ ತಂತಮ್ಮ ಕೌದಿ ಕೊಡವಿ, ಮಡಚಿ, ಹೆಗಲಿಗೆ ಹಾಕಿಕೊಂಡು ಹೊರಟಾಗ ಅವರಿಗೆ ತಮ್ಮ ಪೆದ್ದುತನ ಕಂಡಿತು. ಅವರವರ ಕೌದಿ, ಅವರವರ ಲೋಟ, ಅವರವರ ಬುತ್ತಿ. ನೇಮ ಮಾಡಿದವರು ಯಾರು? ತಾವೇ. ಗೋಡೆ ಇಲ್ಲದ ಬಯಲಿನಲ್ಲಿ ನೂರೈವತ್ತು ಗೋಡೆಗಳನ್ನು ತಾವೇ ಹಾಸಿಕೊಳ್ಳಲು ಹೇಳಿದ್ದರು. ಜೀವಮಾನವೆಲ್ಲ ಹದ್ದು ಅಳೆದವನು ಇನ್ನೇನು ಮಾಡಿಯಾನು! ಆ ದಿನ ಅವರು ಖಾಲಿ ಗದ್ದೆಯಲ್ಲಿ ಮಧ್ಯಾಹ್ನದ ತನಕ ಕೂತಿದ್ದರು. ಊಟಕ್ಕೆ ಕರೆಯಲು ಯಾರೂ ಇರಲಿಲ್ಲ.

ಮರುದಿನ ಕೌದಿ ಹೊಲಿಯುವ ರೆಹಮತ್‌ಬಿಯ ಮನೆಗೆ ಹೋದರು. ಅರವತ್ತರ ಹೆಂಗಸು, ಆಸುಪಾಸಿನ ಊರುಗಳಲ್ಲಿ ಆಕೆಯ ಕೌದಿ ಹೊದೆಯದೆ ಬೆಳೆದ ಕೂಸು ಕಡಿಮೆ.

“ಮಂದಿ ಎಲ್ಲಾ ಕುಂದರುವಂಥಾ ಒಂದ ಕೌದಿ ಆಗಬೇಕು, ರೆಹಮತ್‌ಬಿ. ನಲವತ್ತು ಫೂಟು ಉದ್ದ, ಮೂವತ್ತು ಅಗಲ.”

“ಯಾ ಅಲ್ಲಾ! ಕೌದಿನೋ, ಹೊಲಾನೋ?” ಎಂದು ಆಕೆ ನಕ್ಕಳು. “ಅರಿವಿ ಎಲ್ಲಿಂದ ತರ್ತೀರಿ?”

“ಮನಿಗೊಂದು ಹಳೀ ಸೀರಿ ಕೊಡಲಿ. ನೀವು ಕೇಳಿದ್ರ ಕೊಡ್ತಾರ.” ಆಮೇಲೆ ಬಗಲಲ್ಲಿದ್ದ ಗಂಟು ಬಿಚ್ಚಿ ತಾಯಿಯ ಕೌದಿಯನ್ನು ಮುಂದಿಟ್ಟರು. “ಇದನ್ನೂ ಅದರಾಗ ಸೇರಸ್ರಿ. ಹಸರು ಚೌಕಾ ನಡುವ ಬರಲಿ. ಉಳದ ತುಂಡು ಎಲ್ಲಾ ಕಡೆ ಹಂಚಿಬಿಡ್ರಿ. ಯಾವುದು ಯಾರದು ಅಂತ ಯಾರಿಗೂ ಹೇಳಬ್ಯಾಡ್ರಿ.”

ರೆಹಮತ್‌ಬಿ ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಳ್ಳೆಯ ಕೈ ಯಾವುದೆಂದು ಆಕೆಗೆ ಗೊತ್ತಾಗುತ್ತದೆ. “ಒಮ್ಮಿ ಬಿಚ್ಚಿದ್ರ ಇದು ಮತ್ತ ಕೌದಿ ಆಗೂದಿಲ್ಲ, ಸಾಹೇಬ್ರ. ಬಿಚ್ಚಲೇನ್ರಿ?”

ಗಿರಿಯಪ್ಪ ಹೂಂ ಎಂದರು. ಕತ್ತರಿಯ ಸಪ್ಪಳ ಕೇಳುವ ಮೊದಲೇ ಎದ್ದು ಮನೆಗೆ ಬಂದುಬಿಟ್ಟರು.

ಹತ್ತು ತಿಂಗಳು ಹಿಡಿಯಿತು. ರೆಹಮತ್‌ಬಿ, ಆಕೆಯ ಸೊಸೆ ಶಾಜಿಯಾ ಮತ್ತು ಓಣಿಯ ಇಬ್ಬರು ಹೆಂಗಸರು ಎಂಟು ಭಾಗವಾಗಿ ಹೊಲಿದು, ಕಡೆಗೆ ಗದ್ದೆಯಲ್ಲೇ ಕೂತು ಜೋಡಿಸಿದರು. ಅಡಿವೆಪ್ಪ ಮನೆಯಿಂದ ಎರಡು ಸೀರೆ ಕೊಟ್ಟದ್ದಲ್ಲದೆ, ಭಾರದ ಆ ಭಾಗಗಳನ್ನು ತನ್ನ ಟ್ರಾಲಿಯಲ್ಲೇ ಗದ್ದೆಗೆ ತಂದಿಳಿಸಿದ್ದ.

ಒಂಬತ್ತನೆಯ ಬೈಠಕ್. ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಜನ ಬಂದವರೇ ಬೆರಗಾಗಿ ನಿಂತರು. ತಮ್ಮ ಸೀರೆ ಹುಡುಕುವ ಹೆಂಗಸರ ಗದ್ದಲವೋ ಗದ್ದಲ. “ಇಕಾ, ಇದು ನನ್ನ ಮದವೀದು!” “ಅಯ್ಯ, ನಿನ್ನ ಗಂಡನ ಧೋತರ ಎಲ್ಲೈತಿ ನೋಡಿಕೋ ಮದಲ!” ಆಮೇಲೆ ಕೂತರು, ಒತ್ತೊತ್ತಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ. ನೂರ ಎಂಬತ್ತು ಜನ. ಅಡಿವೆಪ್ಪ ಎಂದಿನಂತೆ ನಟ್ಟನಡುವೆ ಚಕ್ಕಳಮಕ್ಕಳ ಹಾಕಿದ. ಅಷ್ಟೊಂದು ಬಣ್ಣಗಳ ನಡುವೆ ಗುರುತು ಹತ್ತದೆ ಅವನು ಕೂತದ್ದು ಹಸಿರು ಚೌಕದ ಮೇಲೆ.

ಗಿರಿಯಪ್ಪ ಎಂದಿನಂತೆ ಬದುವಿನ ಮೇಲೆ ನಿಂತಿದ್ದರು. ಹಾಡುವವರಿಗೆಂದು ಹಾಕಿದ ಹಲಗೆಯ ಮೇಲೆ ಧಾರವಾಡದಿಂದ ಬಂದ ಚಿನ್ಮಯೀ ಎಂಬ ಹುಡುಗಿ ಹಾಡಲು ಶುರುಮಾಡಿದಳು. ಎಂಟು ವರ್ಷ ಕಾದ ನೋಟ ಕಣ್ಣೆದುರು ಇತ್ತು. ಹಿಗ್ಗಬೇಕಿತ್ತು. ಅರ್ಧ ತಾಸು ಹಿಗ್ಗಿದರು ಕೂಡ. ಆಮೇಲೆ ಆ ಹಿಗ್ಗು ಹಳಸತೊಡಗಿತು. ಇವರು ಕೂತದ್ದು ಗೊತ್ತಿಲ್ಲದೆ. ಮೂರನೆಯ ವರ್ಷ ಧಾರವಾಡದ ಹುಡುಗಿಯರು ಕೂತಹಾಗೆ. ತಾಯಿಯ ಪತ್ತಲವನ್ನು ಊರ ಸೀರೆಗಳೊಳಗೆ ಬಚ್ಚಿಟ್ಟು ಮಂದಿಯನ್ನು ಕೂರಿಸಿದ್ದು, ಹಿಂದಿನ ಗೋಡೆಗೆ ಒರಗಿ ನಿಂತದ್ದಕ್ಕಿಂತ ಯಾವ ರೀತಿಯಲ್ಲಿ ಬೇರೆ? ಆಗ ಅವ್ವ ಹೊರಗೆ ನಿಂತಿದ್ದಳಾದರೂ ಮುಖ ಮುಚ್ಚಿಕೊಂಡು ನಿಂತಿರಲಿಲ್ಲ. ಈಗ ಮುಚ್ಚಿದವನು ಸ್ವಂತ ಮಗ. ಗಿರಿಯಪ್ಪನವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಚಿನ್ಮಯೀ ಮೊದಲ ರಾಗ ಮುಗಿಸಿ ನೀರು ಕುಡಿಯುತ್ತಿದ್ದಾಗ ಅವರು ಹಲಗೆಯ ಹತ್ತಿರ ಬಂದು ಮೈಕಿಗೆ ಕೈ ಚಾಚಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ.

“ಹೆಸರು ತಗೋಬಾರ್ದು ಅಂತ ನಾನ ನೇಮಾ ಮಾಡೇನಿ. ಇವತ್ತ ಒಂದ ಹೆಸರು ತಗೋತೇನಿ, ಮಾಫ್ ಮಾಡ್ರಿ.” ಕೌದಿಯ ಕಡೆ ಕೈ ತೋರಿಸಿದರು. “ಈ ಕೌದೀ ನಟ್ಟನಡುವ ಹಸರು ಚೌಕಾ ಐತಲ್ರಿ, ಅದು ನಮ್ಮವ್ವ ರೇಣವ್ವನ ಪತ್ತಲ. ಆಕಿ ಕೌದಿ ಬಿಚ್ಚಿಸಿ, ಇದರ ತುಂಬ ಹಂಚೇನಿ. ಎಂಟ ವರ್ಷ ಅದನ್ನ ಹಾಸಿದ್ದೆ, ನೀವ್ಯಾರೂ ಕುಂದರಲಿಲ್ಲ. ಈ ವರ್ಷ ಕುಂತೀರಿ, ಆದ್ರ ಗೊತ್ತಿಲ್ಲದ ಕುಂತೀರಿ. ಗೊತ್ತಿಲ್ಲದ ಕುಂದರಿಸಿದ್ದು ನನ್ನ ತಪ್ಪು. ಈಗ ಗೊತ್ತಾತು. ಕುಂದರವ್ರು ಕುಂದರ್ರಿ, ಏಳವ್ರು ಏಳ್ರಿ. ಹಾಡು ಎಲ್ಲಾ ಕಡೆ ಕೇಳತೈತಿ.”

ಮೈಕು ಇಟ್ಟರು. ಪಾಪ, ಚಿನ್ಮಯೀಗೆ ಏನು ನಡೆಯುತ್ತಿದೆ ಎಂದೇ ತಿಳಿಯಲಿಲ್ಲ, ತಲೆ ತಗ್ಗಿಸಿ ತಂಬೂರಿ ಮೀಟುತ್ತ ಕೂತಳು.

ಮೊದಲು ಹಿಂದಿನಿಂದ ಇಬ್ಬರು ಮುದುಕರು ಮೊಣಕಾಲು ಹಿಡಿದುಕೊಂಡು ಎದ್ದರು. ಆಮೇಲೆ ಬಲಬದಿಯಿಂದ ಒಬ್ಬ. ಆಮೇಲೆ ನಡುವಿನಿಂದ ಅಡಿವೆಪ್ಪ ಎದ್ದು, ಅಂಗಿಯ ಕಿಸೆಯಿಂದ ಫೋನ್ ತೆಗೆದು ಕಿವಿಗೆ ಹಚ್ಚಿಕೊಂಡ. ಫೋನ್ ಬಂದಿರಲಿಲ್ಲ. ಗಿರಿಯಪ್ಪ ಅವನನ್ನೇ ನೋಡುತ್ತಿದ್ದರು, ಪರದೆ ಕಪ್ಪಗಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಅವರ ಮುಂದೆಯೇ ಹಾಯ್ದು ಹೋದ. ಹೋಗುವಾಗ ಮುಖ ನೋಡದೆ, ಎಷ್ಟೋ ವರ್ಷಗಳ ಹಿಂದೆ ಸಾಲೆಯಲ್ಲಿ ಕರೆಯುತ್ತಿದ್ದ ಹಾಗೆ ಕರೆದ: “ಟ್ರಾಲಿ ಹಾದ್ಯಾಗ ನಿಂತೈತಿ, ಸರಿಸಿ ಬರ್ತೇನೋ ಗಿರಿಯಾ.”

ಟ್ರಾಲಿ ಹಾದಿಯಲ್ಲಿರಲಿಲ್ಲ. ಅವನು ಮರಳಿ ಬರಲೂ ಇಲ್ಲ. ಅವನ ಹೆಂಡತಿ ಮಾತ್ರ ಕೂತಲ್ಲಿಂದ ಕದಲಲಿಲ್ಲ, ಗಂಡ ಹೋದ ಕಡೆ ತಿರುಗಿಯೂ ನೋಡಲಿಲ್ಲ. ಅಂಚಿನಲ್ಲಿ ರೆಹಮತ್‌ಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದವರಲ್ಲಿ ಕೆಲವರು ನೆಲ ನೋಡುತ್ತಿದ್ದರು, ಕೆಲವರು ಚಿನ್ಮಯೀಯನ್ನು ನೋಡುತ್ತಿದ್ದರು. ಕೂತೇ ಇದ್ದರು ಅಂತೂ.

ಗಿರಿಯಪ್ಪ ಎಣಿಸಿದರು. ಎದ್ದವರು ನಾಲ್ಕು ಜನ, ಉಳಿದವರು ನೂರ ಎಪ್ಪತ್ತಾರು. ನಾಲ್ಕು ಎಂದರೆ ಕಡಿಮೆಯೇ. ಆದರೆ ಆ ನಾಲ್ಕರಲ್ಲಿ ಒಬ್ಬ ಅಡಿವೆಪ್ಪ. ಮೂವತ್ನಾಲ್ಕು ವರ್ಷ ಅಳತೆಯ ಕೆಲಸ ಮಾಡಿದವರಿಗೆ ಇದು ಹೆಚ್ಚೋ ಕಡಿಮೆಯೋ ಹೇಳಲಾಗಲಿಲ್ಲ.

ಚಿನ್ಮಯೀ ಕಣ್ಣು ಮುಚ್ಚಿ ಎರಡನೆಯ ರಾಗದ ಮೊದಲ ಸ್ವರ ಹಿಡಿದಳು. ಗಿರಿಯಪ್ಪ ಅಭ್ಯಾಸದಂತೆ ಬದುವಿನ ಕಡೆ ಎರಡು ಹೆಜ್ಜೆ ಹಾಕಿದರು. ಹಾಕಿದವರು ನಿಂತರು. ಕೌದಿಯ ನಟ್ಟನಡುವೆ ಒಬ್ಬರು ಕೂರುವಷ್ಟು ಹಸಿರು ಕಾಣುತ್ತಿತ್ತು. ಒಂಬತ್ತು ವರ್ಷ ಊರಿಗೆಲ್ಲ ಕೂರಲು ಹೇಳಿದವರು ತಾವು ಒಮ್ಮೆಯೂ ಕೂತಿರಲಿಲ್ಲ.

ಅವರು ಚಪ್ಪಲಿ ಬಿಟ್ಟರು. ಮೊಣಕಾಲುಗಳ ನಡುವೆ ದಾರಿ ಕೇಳಿಕೊಂಡು ಹೋಗಿ ಅಲ್ಲಿ ಕುಳಿತರು, ತಾಯಿಯ ಪತ್ತಲದ ಮೇಲೆ ಅಂಗೈ ಊರಿದರು. ಗದ್ದೆಯೆಲ್ಲ ಇಬ್ಬನಿಗೆ ತಣ್ಣಗಿತ್ತು. ಅಡಿವೆಪ್ಪ ಕೂತು ಎದ್ದುಹೋದ ಆ ಜಾಗ ಇನ್ನೂ ಬೆಚ್ಚಗಿತ್ತು.